ಒಂಬತ್ತನೆಯ ಹಾಸಿಗೆ

ಆರನೇ ನಿಮಿಷಕ್ಕೆ ಎರಡು ಹಸಿರು ಚುಕ್ಕೆಗಳು ಮತ್ತೆ ಒಳಗೆ ಹೋದವು. ಹೊರಗೆ ಬರಲಿಲ್ಲ. ಅವಳು ಪರದೆಯ ಮೇಲಿನ ಬೆಂಕಿಯನ್ನು ಆರಿಸಿ ಮೊದಲಿನಿಂದ ಹಚ್ಚಿದಳು. ಮತ್ತೆ ಅದೇ. ಮೂರನೇ ಸಲವೂ ಅದೇ.

ದಿನವಿಡೀ ಬೆಂಕಿ ಹಚ್ಚುವುದೇ ಅವಳ ಕೆಲಸ. ಕಟ್ಟಡಕ್ಕೆ ಹೊಗೆ ಹೀರುವ ಫ್ಯಾನು, ಅಲಾರಂ, ನೀರಿನ ಪೈಪು ಕೂರಿಸುವ ಮೊದಲೇ ಅದೇ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಒಂದು ಕೋಣೆಗೆ ಬೆಂಕಿ ಇಟ್ಟು, ಯಾರು ಬದುಕಿದರು ಯಾರು ಇಲ್ಲ ಎಂದು ವರದಿ ಬರೆಯಬೇಕು. ಹತ್ತು ವರ್ಷದಲ್ಲಿ ಎಷ್ಟು ಕಟ್ಟಡ ಸುಟ್ಟಿದ್ದಳೋ ಅವಳಿಗೇ ನೆನಪಿಲ್ಲ. ಒಂದಕ್ಕೂ ಊಟ ಬಿಟ್ಟವಳಲ್ಲ. ಆದರೆ ಇದು ಅಕ್ಕ ನರ್ಸಾಗಿರುವ ಆಸ್ಪತ್ರೆಯ ಹೊಸ ಕಟ್ಟಡ. ಮೂರನೇ ಮಹಡಿಯಲ್ಲಿ ಎದ್ದು ನಡೆಯಲಾರದವರ ವಾರ್ಡು: ಹನ್ನೆರಡು ಹಾಸಿಗೆ, ಪಾಳಿಗೆ ಇಬ್ಬರೇ ನರ್ಸು. ಅದರ ಉಸ್ತುವಾರಿ ಅಕ್ಕನದು.

ನಕ್ಷೆಯಲ್ಲಿದ್ದಂತೆ ಪರೀಕ್ಷಿಸಿದಾಗ ಎಲ್ಲ ಸರಿಯಾಗಿಯೇ ಇತ್ತು. ಬಟ್ಟೆ ಇಡುವ ಕೋಣೆಗೆ ಬೆಂಕಿ ಬಿದ್ದರೆ ಹೊಗೆಯನ್ನು ವಾರ್ಡಿನ ದಪ್ಪ ಬಾಗಿಲು ತಡೆಯುತ್ತಿತ್ತು. ನರ್ಸುಗಳು ಒಂಬತ್ತೇ ನಿಮಿಷದಲ್ಲಿ ಹನ್ನೆರಡೂ ಹಾಸಿಗೆಗಳನ್ನು ಆಚೆ ಬದಿಯ ಬಾಗಿಲಿನಿಂದ ತಳ್ಳಿಕೊಂಡು ಹೋಗುತ್ತಿದ್ದರು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಹಿಂದಿನ ದಿನ, ಭಾನುವಾರ, ಅಕ್ಕನ ಜೊತೆ ಊಟಕ್ಕೆ ಕೂತಾಗ ಆ ಬಾಗಿಲಿನ ಮಾತೆತ್ತಿದ್ದಳು.

"ಅದನ್ನ ಮುಚ್ಚಿಟ್ರೆ ಕೆಲಸ ಆದ ಹಾಗೇ," ಎಂದು ಅಕ್ಕ ನಕ್ಕಿದ್ದಳು. "ಒಂದು ಕೈಲಿ ಟ್ರಾಲಿ, ಇನ್ನೊಂದು ಕೈಲಿ ಬಾಗ್ಲು, ಸಲೈನ್ ಬಾಟ್ಲೀನ ಹಲ್ಲಲ್ಲಿ ಕಚ್ಕೊಳ್ಲಾ? ಬ್ಯಾಂಡೇಜ್ ಬಟ್ಟೇಲಿ ಹಿಡಿಕೇನ ಪಕ್ಕದ ಪೈಪಿಗೆ ಕಟ್ಟಿಬಿಡ್ತೀವಿ. ಈಗಿನ ವಾರ್ಡಲ್ಲೂ ಹಾಗೇ. ಇಪ್ಪತ್ತು ವರ್ಷದಿಂದ."

"ಬೆಂಕಿ ಬಿದ್ರೆ?"

"ಆಗ ರೋಗಿಗಳನ್ನ ನೋಡ್ತೀವೋ, ಗಂಟು ಬಿಚ್ತಾ ಕೂರ್ತೀವೋ?"

"ಹೊಗೆ ದಟ್ಟ ಆದ್ಮೇಲೆ ಒಳಗೆ ಹೋಗಬಾರ್ದು ಅಂತ ನಿಯಮ ಇದೆ ಅಕ್ಕ."

"ಒಳಗೆ ಇನ್ನೂ ಜನ ಇರ್ತಾರಲ್ಲೇ," ಎಂದು ಅಕ್ಕ, ಇಷ್ಟೂ ತಿಳಿಯದವಳಿಗೆ ಹೇಳುವ ಹಾಗೆ ಹೇಳಿ, ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ್ದಳು.

ಸೋಮವಾರ ಬಂದವಳೇ ಅವಳು ಪರದೆಯಲ್ಲಿ ಬಾಗಿಲು ತೆರೆದಿಟ್ಟಳು. ದಟ್ಟ ಹೊಗೆಯಲ್ಲಿ ಒಳಗೆ ಹೋಗಬಾರದೆಂಬ ನಿಯಮವನ್ನೂ ತೆಗೆದಳು. ಎಂಟು ಹಾಸಿಗೆ ಹೊರಬಂದವು. ಒಂಬತ್ತನೆಯದಕ್ಕೆ ಹೋದ ಇಬ್ಬರು ನರ್ಸುಗಳು, ಆ ಎರಡು ಹಸಿರು ಚುಕ್ಕೆಗಳು, ಅಲ್ಲೇ ನಿಂತರು.

ಆಫೀಸಿನ ಹಿರಿಯ ಎಂಜಿನಿಯರನ್ನು ಎಲ್ಲರೂ ಬೆನ್ನ ಹಿಂದೆ ಮೇಷ್ಟ್ರು ಅನ್ನುತ್ತಿದ್ದರು. ಅವರು ಪರದೆಯನ್ನು ಪೂರ್ತಿ ನೋಡಿದರು, ಕನ್ನಡಕ ಒರೆಸಿಕೊಂಡರು.

"ನಾವು ಪರೀಕ್ಷೆ ಮಾಡೋದು ಕಟ್ಟಡಾನ. ನಿಮ್ಮಕ್ಕನ್ನ ಅಲ್ಲಮ್ಮ."

"ಬಾಗಿಲನ್ನ ತೆರೆದೇ ಹಿಡ್ಕೊಂಡಿದ್ದು, ಅಲಾರಂ ಹೊಡೆದ ತಕ್ಷಣ ತಾನೇ ಬಿಡೋ ಅಯಸ್ಕಾಂತ ಹಾಕಿಸಿದ್ರೆ ಸಾಕು ಸಾರ್. ಅವ್ರು ಕಟ್ಟೋ ಅಗತ್ಯಾನೇ ಇರಲ್ಲ."

"ನಕ್ಷೆ ಬದಲಾದ್ರೆ ಒಪ್ಪಿಗೆ ಮತ್ತೆ ಮೊದಲಿಂದ. ಆರು ತಿಂಗಳು. ಅಲ್ಲೀವರೆಗೂ ಆ ಹನ್ನೆರಡು ಜನ ಹಳೇ ವಾರ್ಡಲ್ಲೇ ಬಿದ್ದಿರ್ತಾರೆ. ಅಲ್ಲಿ ಅಲಾರಮ್ಮೇ ಇಲ್ಲ. ಯಾವುದು ವಾಸಿ, ನೀನೇ ಹೇಳು."

ಮೇಷ್ಟ್ರು ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು. ವರದಿಯ ನಲವತ್ತನೇ ಪುಟದಲ್ಲಿ "ಬಾಗಿಲನ್ನು ಕಟ್ಟಬಾರದು" ಎಂದು ಒಂದು ಸಾಲು ಸೇರಿಸಲು ಒಪ್ಪಿದರು. ಅವಳು ಸಹಿ ಹಾಕಿದಳು. ಹಾಕಿದ ಮೇಲೆ ತನ್ನ ಮೇಲೇ ಅಸಹ್ಯವಾಯಿತು. ಅರ್ಧ ದಿನ ರಜೆ ಬರೆದುಕೊಟ್ಟು ನೇರ ಆಸ್ಪತ್ರೆಗೆ ಹೋದಳು.

ಹಳೇ ವಾರ್ಡಿನ ಮೂಲೆಯ ಮೇಜಿನಲ್ಲಿ ಅಕ್ಕ ಏನೋ ಬರೆಯುತ್ತಿದ್ದಳು.

"ಹೊಸ ವಾರ್ಡಲ್ಲಿ ಬಾಗಿಲು ಕಟ್ಟಬೇಡ ಅಕ್ಕ."

"ಸರಿ, ನಾನು ಕಟ್ಟಲ್ಲ. ಬೇರೆ ಪಾಳಿಯವರ ಕೈ ನಾನು ಹಿಡಿಯೋಕಾಗುತ್ತಾ?"

"ಹಾಗಾದ್ರೆ ಒಂದು ಮಾತು ಕೊಡು. ಎಂಟು ಹಾಸಿಗೆ ಈಚೆ ತಂದ್ಮೇಲೆ ಮತ್ತೆ ಒಳಗೆ ಹೋಗಬೇಡ. ಒಂಬತ್ತಕ್ಕೆ ಹೋದ್ರೆ ನೀನು ಬರಲ್ಲ. ನಾನು ನೋಡಿದೀನಿ." ಅಕ್ಕನ ಮುಂದೆ ಅಂಗೈ ಚಾಚಿದಳು. "ಆಣೆ ಮಾಡು."

ಅಕ್ಕ ಬೈಯಲಿಲ್ಲ. ಬರೆಯುತ್ತಿದ್ದ ಕಾಗದವನ್ನು ತಂಗಿಯ ಕಡೆ ತಿರುಗಿಸಿದಳು. ಹೊಸ ವಾರ್ಡಿನ ಹನ್ನೆರಡು ಖಾಲಿ ಚೌಕಗಳು, ಹೊರಗೆ ಹೋಗುವ ಆಚೆ ಬದಿಯ ಬಾಗಿಲಿಗೆ ಹತ್ತಿರದ್ದು ಒಂದನೆಯದು. ಪಕ್ಕದಲ್ಲಿ ಹನ್ನೆರಡು ಹೆಸರು, ಅಕ್ಕನ ಅಭ್ಯಾಸದಂತೆ ವಯಸ್ಸು ಮತ್ತು ಕಸುಬಿನ ಸಮೇತ.

"ಯಾರಿಗೆ ಯಾವ ಹಾಸಿಗೆ ಅಂತ ಇವತ್ತೇ ಕೊಡಬೇಕು. ನೀನೇ ತುಂಬಿಸು. ಆಮೇಲೆ ಆಣೆ ಮಾಡ್ತೀನಿ."

ವಾರ್ಡಿನ ಕೊನೆಯಿಂದ ಯಾರೋ ಕ್ಷೀಣವಾಗಿ ಕರೆದರು. "ಬಂದೆ, ದರ್ಜಿ ತಾತ," ಎಂದು ಅಕ್ಕ ತಂಗಿಯ ಕೈಗೆ ಪೆನ್ನು ಕೊಟ್ಟು ಎದ್ದಳು.

ಅವಳು ಒಂದರಿಂದ ಶುರುಮಾಡಿದಳು. ಕಷ್ಟವಾಗಲಿಲ್ಲ. ಹತ್ತೊಂಬತ್ತರ ವಿದ್ಯಾರ್ಥಿನಿ. ಆಮೇಲೆ ಮೂವತ್ತರ ಡ್ರೈವರು, ಮೂವತ್ತೈದರ ಟೀಚರು. ಪೆನ್ನು ತಡೆಯದೆ ಓಡಿತು. ಎಂಟನೆಯ ಚೌಕ ತುಂಬಿದಾಗ ಪಟ್ಟಿಯಲ್ಲಿ ನಾಲ್ಕು ಹೆಸರು ಉಳಿದಿದ್ದವು. ಮೊದಲನೆಯದು, ದರ್ಜಿ, ಎಪ್ಪತ್ತೊಂದು.

ತಲೆಯೆತ್ತಿ ನೋಡಿದಳು. ಆ ತುದಿಯಲ್ಲಿ ಅಕ್ಕ ಮುದುಕನ ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು ಗುಟುಕು ಗುಟುಕಾಗಿ ನೀರು ಕುಡಿಸುತ್ತಿದ್ದಳು.