ಸೀದ ಸಕ್ಕರೆ

ಸಕ್ಕರೆ ಸೀಯುವ ವಾಸನೆ ಬೇಕರಿಯಲ್ಲಿ ಆ ತಾಯಿಗೆ ಅನ್ನ ಕೊಡುತ್ತಿತ್ತು. ಮನೆಯಲ್ಲಿ ಅದೇ ವಾಸನೆ ಬಂದರೆ ಯಮ ಬಂದ ಹಾಗೆ. ವಿಧಿಗೆ ತಮಾಷೆ ಮಾಡಲು ಬೇರೆ ಯಾರೂ ಸಿಗಲಿಲ್ಲವೇನೋ!

ಬೆಳಗಿನ ಐದರಿಂದ ಮಧ್ಯಾಹ್ನ ಎರಡರವರೆಗೆ ಅವಳ ಕೆಲಸ ಒಂದೇ. ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ ಕಾಯಿಸಿ, ಅದು ಕೆಂಪಗಾಗಿ ಇನ್ನೇನು ಕಪ್ಪಾಗಬೇಕು ಎನ್ನುವ ಹೊತ್ತಿಗೆ ಬಿಸಿನೀರು ಸುರಿದು ಕೇಕಿನ ಬಣ್ಣ ಸಿದ್ಧಮಾಡುವುದು. ಆ ಹೊಗೆ ಬಟ್ಟೆಗೆ, ಉಗುರಿಗೆ, ಸೊಂಟ ಮುಟ್ಟುವ ಜಡೆಗೆ ಹತ್ತಿ ಕೂತುಬಿಡುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು, "ಚೀಲದಲ್ಲಿ ಏನಮ್ಮಾ, ಸಿಹಿನಾ?" ಎಂದು ಕೇಳುವುದಿತ್ತು.

ಮೊದಲ ಮಗು, ಗಂಡು, ಹುಟ್ಟಿದ ಐದನೇ ದಿನ ಅದೇ ವಾಸನೆ ಬೀರಿತು. ನೆಂಟರೆಲ್ಲ ನಕ್ಕರು. "ಬೇಕರಿಯವಳ ಮಗ ಕಣ್ರೀ, ಇನ್ನೇನು ಮಲ್ಲಿಗೆ ವಾಸನೆ ಬರುತ್ತಾ?" ಅವಳೂ ನಕ್ಕಳು. ಹನ್ನೊಂದನೇ ದಿನಕ್ಕೆ ಮಗು ಹೋಯಿತು.

ಎರಡನೆಯದು ಗುಬ್ಬಿ. ಹುಟ್ಟಿದ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರಮ್ಮ ರೋಗ ಕಂಡುಹಿಡಿದರು. ಅಪ್ಪ ಅಮ್ಮ ಇಬ್ಬರಿಂದಲೂ ಬಂದ, ಲಕ್ಷಕ್ಕೊಂದು ಮಗುವಿಗೆ ಬರುವ ಕಾಯಿಲೆ. ಹಾಲು, ಬೇಳೆ, ಮೊಟ್ಟೆಯ ಸತ್ವ ಮೈಯೊಳಗೆ ಸರಿಯಾಗಿ ಕರಗದೆ ವಿಷವಾಗಿ ಮಿದುಳಿಗೆ ಏರುತ್ತದೆ. ಅದಕ್ಕೇ ಗುಬ್ಬಿಗೆ ತಕ್ಕಡಿಯಲ್ಲಿ ತೂಗಿ ತುತ್ತು. ಜ್ವರ ಬಂದರಂತೂ ಮುಗಿಯಿತು, ಗಂಟೆಗಳಲ್ಲೇ ವಿಷ ಏರಬಹುದು. "ಕಿವಿಯ ಹಿಂದೆ ಮೂಸ್ತಾ ಇರಿ. ಸೀದ ಸಕ್ಕರೆ ವಾಸನೆ ಬಂತೋ, ಉಟ್ಟ ಬಟ್ಟೆಯಲ್ಲೇ ಓಡಿ ಬನ್ನಿ," ಎಂದಿದ್ದರು ಡಾಕ್ಟರಮ್ಮ.

ಬೇಕರಿ ಬಿಟ್ಟುಬಿಡು ಎಂದವರೇನು ಕಡಿಮೆಯೇ? ಹಾಲಿನ ಬದಲು ಗುಬ್ಬಿಗೆ ಕಲಸಿಕೊಡುವ ದುಬಾರಿ ಡಬ್ಬಿ ಪುಡಿಯನ್ನು ಹಾಗೆಂದವರ ಅಪ್ಪ ತಂದುಕೊಡುತ್ತಾನೆಯೇ! ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ಹಾಗಾಗಿ ಮೂಗಿನ ಕೆಲಸ ಅತ್ತೆಯ ಪಾಲಿಗೆ ಬಂತು. ಅತ್ತೆ ಮೈಯೆಲ್ಲ ಮೂಗಾಗಿ ಗಂಟೆಗೊಮ್ಮೆ ಮೂಸುವರು. ಇವಳು ಮನೆಗೆ ಬಂದವಳೇ ತಲೆಗೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆಮೇಲೇ ಮಗುವನ್ನು ಮುಟ್ಟುವಳು. ನಾಲ್ಕು ವರ್ಷ ಒಂದು ದಿನವೂ ಇದು ತಪ್ಪಿರಲಿಲ್ಲ.

ಆ ಮಧ್ಯಾಹ್ನ ನಲ್ಲಿಯಲ್ಲಿ ನೀರಿರಲಿಲ್ಲ. ಗುಬ್ಬಿ ಓಡಿ ಬರಲೂ ಇಲ್ಲ, ಗೋಡೆಗೊರಗಿ ಕೂತಿದ್ದಳು.

"ಯಾಕತ್ತೆ, ಸಪ್ಪಗಿದ್ದಾಳೆ?"

"ನಿದ್ದೆ ಬಂದಿರ್ಬೇಕು ಕಣೇ. ಈಗ್ತಾನೆ ಮೂಸಿದೆ, ವಾಸನೆ ಗೀಸನೆ ಏನೂ ಇಲ್ಲ."

ಮನಸ್ಸು ತಡೆಯದೆ ಅವಳು ಹಾಗೇ ಬಗ್ಗಿ ಮೂಸಿದಳು. ಘಮ್ಮೆಂದಿತು. ತನ್ನ ತೋಳು ಮೂಸಿಕೊಂಡಳು, ಅಲ್ಲೂ ಅದೇ. "ಥೂ, ನಂದೇ," ಎಂದು ಉಸಿರು ಬಿಟ್ಟಳು. ಅತ್ತೆ ಇಲ್ಲ ಎಂದಮೇಲೆ ಇಲ್ಲ. ನೀರು ಬಂದಮೇಲೆ ಸ್ನಾನ ಮಾಡಿ ಸರಿಯಾಗಿ ನೋಡಿದರಾಯಿತು ಎಂದು ಕಾಲು ಚಾಚಿದವಳಿಗೆ ಜೊಂಪು ಹತ್ತಿತು.

ಎಚ್ಚರವಾದದ್ದು ಅತ್ತೆಯ ಸೀನಿಗೆ. ಒಂದಲ್ಲ, ನಾಲ್ಕು.

"ಅತ್ತೆ, ನೆಗಡಿನಾ ನಿಮಗೆ?"

ಅತ್ತೆ ಮುಖ ತಿರುಗಿಸಿದರು. "ನಿನ್ನೆಯಿಂದ ಒಂಚೂರು. ಹೇಳಿದ್ರೆ ನೀನು ರಜ ಹಾಕ್ತಿದ್ದೆ. ಆಗ್ಲೇ ಈ ತಿಂಗಳು ಮೂರು ರಜ ಆಗಿದೆ, ಆ ಯಜಮಾನ ಸುಮ್ನಿರ್ತಾನಾ ಅಂತ..."

"ಮೂಗು ಕಟ್ಟಿದೆಯಾ?"

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದರು. ಗುಬ್ಬಿಯ ಹಣೆ ಕೆಂಡದಂತೆ ಸುಡುತ್ತಿತ್ತು. ಎತ್ತಿಕೊಂಡರೆ ಕತ್ತು ನಿಲ್ಲಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಐದು ಗಂಟೆ. ಡಾಕ್ಟರಮ್ಮ ಪುಟ್ಟ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಏರಿಸುತ್ತಾ ಕೇಳಿದರು, "ವಾಸನೆ ಯಾವಾಗಿಂದ?"

"ಎರಡೂವರೆಗೇ ಬಂದಿತ್ತು ಡಾಕ್ಟ್ರೇ. ನಂದು ಅಂದ್ಕೊಂಡೆ." ಹೇಳುತ್ತಲೇ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಮೊದಲನೆಯದನ್ನು ನಗುತ್ತಾ ಕಳೆದುಕೊಂಡಿದ್ದಳು, ಇದನ್ನು ನಿದ್ದೆ ಮಾಡುತ್ತಾ ಕಳೆದುಕೊಳ್ಳುವುದೇ?

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ರಕ್ತದ ರಿಪೋರ್ಟ್ ಬರೋದು ತಡ. ವಾಸನೆ ಇಳೀತಾ ಬಂದ್ರೆ ಒಳ್ಳೇದು. ನೋಡ್ತಿರಿ."

ನೋಡುವುದು ಹೇಗೆ? ಮಗುವಿನ ಬಳಿ ಬಗ್ಗಿದರೆ ಯಾವುದು ಯಾರ ವಾಸನೆಯೋ! ಆಸ್ಪತ್ರೆಯ ನಿಲುವಂಗಿ ಕೇಳಿ ತೊಟ್ಟಳು. ಬಚ್ಚಲಲ್ಲಿ ಚರ್ಮ ಕಿತ್ತುಬರುವ ಹಾಗೆ ಸೋಪು ತಿಕ್ಕಿದಳು. ಒದ್ದೆ ಜಡೆಯನ್ನು ಮೂಗಿಗೆ ಹಿಡಿದರೆ ಇನ್ನೂ ಬೇಕರಿ.

"ಸಿಸ್ಟರ್, ಕತ್ತರಿ ಕೊಡಿ."

"ಯಾಕಮ್ಮಾ?"

"ಕೊಡಿ ಅಂದ್ನಲ್ಲ!"

ಬುಡಕ್ಕೇ ಕತ್ತರಿಸಿದಳು. ಹೊರಗೆ ಬೆಂಚಿನ ಮೇಲಿದ್ದ ಅತ್ತೆಯ ಮಡಿಲಿಗೆ ಜಡೆ ಹಾಕಿ, "ಗೇಟಿನಾಚೆ ಎಸೆದು ಬನ್ನಿ," ಎಂದಳು. ಆ ಜಡೆ ನೋಡಿಯೇ ಸೊಸೆಯನ್ನು ಒಪ್ಪಿದ್ದವರು ಅತ್ತೆ. ಅದನ್ನು ಎದೆಗವಚಿಕೊಂಡು, ಅಳುತ್ತಾ, ಮೂಗು ಒರೆಸುತ್ತಾ ನಡೆದರು.

ಮತ್ತೆ ಕೈ ತೊಳೆದಳು. ಅಂಗೈ ಮೂಸಿಕೊಂಡಳು, ಸೋಪು. ಭುಜ, ಸೋಪು. ಬೋಳಾದ ಕತ್ತಿನ ಮೇಲೆ ಅಂಗೈ ಉಜ್ಜಿ ಮೂಸಿದಳು, ಅಲ್ಲೂ ಸೋಪೇ. ದೇವರೇ, ಏನೂ ಬರದಿರಲಿ ಎಂದುಕೊಂಡು ಗುಬ್ಬಿಯ ಕಿವಿಯ ಹಿಂದೆ ಮೂಗಿಟ್ಟು ನಿಧಾನವಾಗಿ ಉಸಿರೆಳೆದಳು.

"ಸಿಸ್ಟರ್, ಡಾಕ್ಟ್ರನ್ನ ಕರೀರಿ," ಎಂದಳು. "ಇದು ನಂದಲ್ಲ."