ಸೊಂಟದೆತ್ತರಕ್ಕೆ ಎದ್ದು ಬಂದ ಹೊಸ್ತಿಲು

ಜೇವರ್ಗಿಯ ವೃದ್ಧಾಶ್ರಮದಲ್ಲಿ ಖಳನಾಯಕ ಯಾರು ಅಂತ ನನಗೆ ಮೊದಲೇ ಗೊತ್ತಿತ್ತು. ಅಡುಗೆಮನೆಯ ಹೊಸ್ತಿಲು. ಹಳೇ ವಾಡೆಯೊಂದನ್ನು ಆಶ್ರಮ ಮಾಡಿದ್ದರಿಂದ ಅದು ಗೇಣಿಗಿಂತ ಎತ್ತರವಿತ್ತು. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮದುಮಗನಂತೆ ಮಲಗಿರುತ್ತಿತ್ತು. ಊಟಕ್ಕೆಂದು ದಾಟಲು ಬಂದ ಮುದುಕ ಮುದುಕಿಯರನ್ನು ಒಬ್ಬೊಬ್ಬರನ್ನಾಗಿ ಕೆಡವುತ್ತಿತ್ತು.

ನಮ್ಮಪ್ಪ ಮಲ್ಕಪ್ಪನ ಬಡಿಗತನದ ಅಂಗಡಿ ಆಶ್ರಮದ ಎದುರಿಗೇ ಇತ್ತು. ನಾನು ಉಳಿ ಹಿಡಿದದ್ದಕ್ಕಿಂತ ಗುಲ್ಬರ್ಗಾದ ಟಾಕೀಸುಗಳಲ್ಲಿ ಸೀಟಿ ಹೊಡೆದದ್ದೇ ಹೆಚ್ಚು. ಮಾತಾಡಿದರೆ ಡೈಲಾಗೇ ಬರುತ್ತಿತ್ತು. ಅದನ್ನು ಕೇಳಿ ನಗುತ್ತಿದ್ದವಳು ಆಶ್ರಮದ ಅಜ್ಜಿ ಸುಭದ್ರಾಬಾಯಿ ಆಯಿ ಒಬ್ಬಳೇ.

ಆಯಿ ಆಶ್ರಮದಲ್ಲಿ ದಿನವೂ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕಾರಹುಣ್ಣಿಮೆಯ ಹಿಂದಿನ ದಿನ ಅದೇ ಹೊಸ್ತಿಲಲ್ಲಿ ಬಿದ್ದು ಕೈ ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ದಿನ ಮ್ಯಾನೇಜರ್ ಶಿವರಾಯರು ಖಡಕ್ಕಾಗಿ ಹೇಳಿದರು: ಇನ್ನೊಮ್ಮೆ ಬಿದ್ದರೆ ಹಿಂದಿನ ಕೋಣೆ. ಅಲ್ಲಿ ಊಟ ಮಂಚಕ್ಕೇ ಬರುತ್ತಿತ್ತು. ಆ ಕೋಣೆಗೆ ಹೋದವರು ಮತ್ತೆ ನಡೆದು ಹೊರಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ.

"ಮಲಕೊಂಡು ರೊಟ್ಟಿ ತಿನ್ನೋದು ನನಗ ಬ್ಯಾಡೋ ಚಂದ್ರಾಮ," ಅಂದಳು ಆಯಿ. "ನಾ ಬಡದದ್ದು ನಾಕು ಮಂದಿ ಉಣಬೇಕು."

ಹೀರೋಗೆ ಅಷ್ಟು ಸಾಕಲ್ಲವೇ? ಮರುದಿನ ಗರಗಸ ಹಿಡಿದು ಅಡುಗೆಮನೆ ಬಾಗಿಲಲ್ಲಿ ಕಾಲು ಅಗಲಿಸಿ ನಿಂತೆ. "ಇವತ್ತ ಈ ಮನ್ಯಾಗ ಒಂದು ಈ ಹೊಸ್ತಿಲ ಇರಬೇಕು, ಇಲ್ಲಾ ಈ ಚಂದ್ರಾಮ ಇರಬೇಕು."

"ಹೊಸ್ತಿಲ ಇರಲಿ, ನೀ ನಡಿ," ಅಂದಳು ಒಲೆಯ ಮುಂದೆ ಕೂತಿದ್ದ ಸಾಬವ್ವ. ಹೊಸ್ತಿಲು ಕಡಿದರೆ ಮನೆಗೆ ಕೇಡು ಅಂತ ಎಲ್ಲರೂ ಸೇರಿ ನನ್ನನ್ನು ಅಂಗಳಕ್ಕೆ ಅಟ್ಟಿದರು.

ಅಂಗಳದಲ್ಲೇ ಕೂತು ಬೆಳಗಿನ ಹೊತ್ತೆಲ್ಲ ಬಾಗಿಲನ್ನೇ ನೋಡುತ್ತಿದ್ದೆ. ಆಗ ಖಳನಾಯಕನ ಗುಟ್ಟು ತಿಳಿಯಿತು. ದಾಟುವ ಮೊದಲು ಹೆಚ್ಚುಕಡಿಮೆ ಎಲ್ಲರೂ ಬಗ್ಗಿ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮೇಲೇಳುವಾಗ ತಲೆ ಗಿರ್ರ್ ಅನ್ನುವುದು, ಅಷ್ಟರಲ್ಲಿ ಒಂದು ಕಾಲು ಗಾಳಿಯಲ್ಲಿ. ಬೀಳದೆ ಇನ್ನೇನು?

ಅಪ್ಪನಿಂದ ಸಾಗವಾನಿ ತುಂಡು ಬೇಡಿ ತಂದು ಚೌಕಟ್ಟಿನ ಎರಡೂ ಬದಿಗೆ, ಸೊಂಟದೆತ್ತರದಲ್ಲಿ ಹಿಡಿಕೆ ಕೂಡಿಸಿದೆ. ಗಟ್ಟಿ ಇದೆ ಅಂತ ತೋರಿಸಲು ನಾನೇ ಜೋತಾಡಿದೆ. ಯಾರೂ ಮುಟ್ಟಲಿಲ್ಲ. ಅದು ಕುಂಟರು ಹಿಡಿಯುವುದು ಅಂತ ರಿಟೈರ್ಡ್ ಮಾಸ್ತರ ದೌಲತರಾಯರು ತೀರ್ಪು ಕೊಟ್ಟುಬಿಟ್ಟಿದ್ದರು. ಅವರ ಮಾತು ಮೀರಿ ಹಿಡಿಯುವ ಧೈರ್ಯ ಯಾರಿಗಿದೆ? ಮಂದಿ ಮೊದಲಿನಂತೆಯೇ ಬಗ್ಗಿದರು, ತೂರಾಡಿದರು. ನನ್ನ ಪಿಕ್ಚರ್ ಇಂಟರ್‌ವಲ್‌ಗೆ ಮುಂಚೆಯೇ ಫ್ಲಾಪ್.

ಮಧ್ಯಾಹ್ನ ಆಯಿ ನನ್ನ ಪಕ್ಕ ಬಂದು ಕೂತಳು.

"ನೀ ಶಾಣ್ಯಾ ಅದಿ ಖರೆ. ಆದರ ಅರ್ಧಾ ಶಾಣ್ಯಾ," ಅಂದಳು. "ಹಿಡಕೋ ಅಂದ್ರ ಮುದುಕರು ಹಿಡಿಯಂಗಿಲ್ಲ, ಮಾನ ಹೋಗ್ತದ. ಕುಂಕುಮ ಕೆಳಗ ಅದ ಅಂತ ನಾವು ಬಗ್ತೀವಿ. ಅದನ್ನ ಮ್ಯಾಲ ತಂದ್ರ?"

ಸೋಮವಾರ ಬೆಳಿಗ್ಗೆ ಶಿವರಾಯರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಆಯಿಯ ನಡಿಗೆಯನ್ನೇ ನೋಡುತ್ತಿದ್ದರು. ಆಯಿ ಎಲ್ಲರ ಮುಂದೆಯೇ ನನ್ನ ಹಿಡಿಕೆಗಳಿಗೆ ವಿಭೂತಿ ಬಳಿದಳು, ಕುಂಕುಮ ಇಟ್ಟಳು, ಚೆಂಡುಹೂವು ಸಿಕ್ಕಿಸಿದಳು.

"ಇನ್ನ ಹೊಸ್ತಿಲ ಇಲ್ಲೇ," ಅಂದಳು. "ನಮಗ ವಯಸ್ಸಾತು, ಬಗ್ಗಲಿಕ್ಕ ಆಗಂಗಿಲ್ಲ. ಅದಕ್ಕ ಅದೇ ಎದ್ದು ನಮ್ಮ ಕೈಗೆ ಬಂದದ."

ಹಿಡಿಕೆ ಹಿಡಿದಳು. ಹಣೆ ತಾಗಿಸಿದಳು. ಒಂದು ಕಾಲೆತ್ತಿದಳು. ಶಿವರಾಯರು ಕುರ್ಚಿಯಿಂದ ಅರ್ಧ ಎದ್ದರು. ಆಯಿ ಮೊದಲ ಕಾಲನ್ನು ಆಚೆ ಊರಿ, ನೆಟ್ಟಗೆ ನಿಂತು, ಇನ್ನೊಂದನ್ನು ತಂದಳು. ನಾನು ಟಾಕೀಸಿನ ಸೀಟಿ ಹೊಡೆದೆ. ಈ ಸಲ ಯಾರೂ ಬೈಯಲಿಲ್ಲ.

ಸಾಬವ್ವ ಹಿಡಿದಳು, ಕಣ್ಣಿಗೊತ್ತಿಕೊಂಡಳು, ದಾಟಿದಳು. ಅವಳ ಹಿಂದೆ ಪಾಳಿಯೇ ಹತ್ತಿತು. ಉಳಿದವರು ದೌಲತರಾಯರು. ಒಳಗಿನಿಂದ ರೊಟ್ಟಿ ಬಡಿಯುವ ಪಟಪಟ ಶುರುವಾಗಿತ್ತು, ವಾಸನೆ ಅಂಗಳಕ್ಕೆ ಬರುತ್ತಿತ್ತು.

"ನಾ ಲಿಂಗ ಬಿಟ್ಟು ಕಟ್ಟಿಗಿಗೆ ಕೈ ಮುಗಿಯಾಂವಲ್ಲ," ಅಂದರು.

"ಮುಗೀಬ್ಯಾಡ್ರಿ ಮಾಸ್ತರ," ಒಳಗಿನಿಂದ ಆಯಿಯ ದನಿ ಬಂತು. "ಬರೇ ಹಿಡೀರಿ. ಬಿಸಿ ರೊಟ್ಟಿ ಆರಾಕತ್ತದ."

ಮಾಸ್ತರರು ಆಚೀಚೆ ನೋಡಿದರು. ಆಮೇಲೆ ಎರಡೂ ಕೈಯಿಂದ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ದಾಟಿದರು.

ಶಿವರಾಯರು ಹಿಂದಿನ ಕೋಣೆಯ ಮಾತನ್ನು ಮತ್ತೆ ಎತ್ತಲಿಲ್ಲ. ನನ್ನನ್ನು ಕರೆದು ಬಚ್ಚಲಿಗೂ ಅಂಥದ್ದೇ ಹಿಡಿಕೆ ಬೇಕು ಅಂದರು. ಅಲ್ಲಿ ಕುಂಕುಮ ಯಾರು ಹಚ್ಚಬೇಕು ಅಂತ ಕೇಳಿದೆ. ಅವರೂ ನಕ್ಕರು. ಆ ಮಳೆಗಾಲದಲ್ಲಿ, ನೆಲವೆಲ್ಲ ಹಸಿಯಾಗಿದ್ದಾಗಲೂ, ಆ ಬಾಗಿಲಲ್ಲಿ ಒಬ್ಬರೂ ಬೀಳಲಿಲ್ಲ.

ಆ ಸೋಮವಾರ ಆಯಿ ಮೊದಲ ರೊಟ್ಟಿಯನ್ನು ಪುಂಡಿಪಲ್ಯದ ಜೊತೆ ನನ್ನ ಕೈಗಿಟ್ಟಳು. ನಾನು ಎದೆಯುಬ್ಬಿಸಿ, "ಈ ಚಂದ್ರಾಮ ಒಮ್ಮೆ ಮಾತು ಕೊಟ್ಟ ಅಂದ್ರ..." ಅಂತ ಶುರು ಮಾಡಿದೆ.

"ಬಾಯಾಗ ರೊಟ್ಟಿ ಹಾಕ್ಕೋಲೇ ಹೀರೋ," ಅಂದಳು ಆಯಿ, ಮುರಿದು ಕೂಡಿದ ಕೈಯಿಂದ ಇನ್ನೊಂದು ರೊಟ್ಟಿ ಬಡಿಯುತ್ತ.