ಮುಳ್ಳು ಕಿತ್ತು ಮುಗಿಯುವತನಕ

"ಹಿಕ್ಕೆ ಬಾಚೋ ಮುಂಡೆ, ನೀನು ನಂಗೆ ಬೇಸಾಯ ಹೇಳ್ಕೊಡ್ತೀಯಾ? ಏಳೇ ಮೇಲೆ."

ಧಣಿ ಚಪ್ಪಲಿಗಾಲಲ್ಲೇ ಆಡಿನ ಹಿಕ್ಕೆಗೊಬ್ಬರದ ಗುಡ್ಡೆ ಹತ್ತಿ ನಿಂತಿದ್ದ. ಕೆಳಗೆ ಹಿಕ್ಕೆವ್ವ ಮೊಣಕೈತನಕ ತೋಳು ಒಳಗೆ ತೂರಿಸಿ ಕೂತಿದ್ದಳು. ಗೊಬ್ಬರ ಮಾಗಿತೋ ಇಲ್ಲವೋ ತಿಳಿಯಲು ಆಡು ಸಾಕುವವರಿಗೆ ತೋಳೇ ಅಳತೆ. ಕೈ ಇಡಲಾಗದಷ್ಟು ಕಾವೇರಬೇಕು, ಮಗುಚಿದ ಮೇಲೆ ಇನ್ನೊಮ್ಮೆ ಏರಬೇಕು, ಆಮೇಲೆ ತಾನಾಗಿ ತಣಿಯಬೇಕು. ಈ ಗುಡ್ಡೆ ಇನ್ನೂ ಉಗುರುಬೆಚ್ಚಗಿತ್ತು.

"ಇನ್ನೂ ಕಾವೇ ಬಂದಿಲ್ಲ ಧಣಿ. ಆಡುಗಳು ಬೇಸಿಗೆಯೆಲ್ಲ ಜಾಲಿಕಾಯಿ ತಿಂದಿವೆ. ಆ ಬೀಜ ಹೊಟ್ಟೇಲಿ ಸಾಯಲ್ಲ, ಗುಡ್ಡೇಲೇ ಬೇಯ್ಬೇಕು. ಈಗ ಚೆಲ್ಲಿದ್ರೆ ತೋಟದ ತುಂಬ ಮುಳ್ಳು ಏಳ್ತದೆ."

"ನಿನ್ನ ದೊಡ್ಡಿ ಇರೋದು ಯಾರ ಜಾಗದಲ್ಲಿ?"

"ನಿಮ್ದೇ."

"ಹಂಗಾದ್ರೆ ಬಾಯಿ ಮುಚ್ಕೊಂಡು ತುಂಬು."

ಗಂಡ ಬುಟ್ಟಿ ತಂದು ಮುಂದಿಟ್ಟು, "ಸುಮ್ನಿರೇ, ಇರೋ ಸೂರೂ ಹೋಗ್ತದೆ" ಎಂದು ಗೊಣಗಿದ. ಅವಳು ತುಂಬಿದಳು. ಇನ್ನೇನು ಮಾಡಿಯಾಳು?

ಮಳೆ ಬಿದ್ದದ್ದೇ ತಡ, ಧಣಿಯ ಬದನೆ ಸಾಲುಗಳಲ್ಲಿ ಜಾಲಿ ಎದ್ದಿತು. ಬದನೆಗಿಂತ ಹುಲುಸಾಗಿಯೇ ಎದ್ದಿತು. ಧಣಿ ಆಳುಗಳನ್ನು ಕಟ್ಟಿಕೊಂಡು ನೇರ ಹಿಕ್ಕೆವ್ವನ ಗುಡಿಸಲ ಬಾಗಿಲಿಗೆ ಬಂದ.

"ಬೇಕಂತಲೇ ಬಿತ್ತಿದ್ದೀಯಲ್ಲೇ, ಹಲ್ಕಾ."

"ನಾನು ಅವತ್ತೇ ಹೇಳಿದ್ನಲ್ಲ ಧಣಿ, ಮುಳ್ಳು ಏಳ್ತದೆ ಅಂತ."

"ಕೇಳ್ಸಿಕೊಂಡ್ರಾ? ಮೊದಲೇ ಗೊತ್ತಿತ್ತಂತೆ ಇವಳಿಗೆ."

ಹೇಳಿದ್ದೇ ತಪ್ಪಾಗಿಹೋಯಿತು. ಆಳುಗಳು ತಲೆ ತಗ್ಗಿಸಿದರು. ನಡುವೆ ಬಂದ ಗಂಡನ ಕೆನ್ನೆಗೆ ಬಿತ್ತು ಒಂದು. ಅವಳ ಆಡುಗಳನ್ನೆಲ್ಲ ದೊಡ್ಡಿಯಿಂದ ಬಿಡಿಸಿ ಧಣಿಯ ಕೊಟ್ಟಿಗೆಗೆ ಹೊಡೆದರು. ಅವಳೇ ಬಾಟಲಿ ಹಾಲು ಕುಡಿಸಿ ಬದುಕಿಸಿದ್ದ ಕಿವಿಹರುಕಿ ಮಾತ್ರ ತಿರುಗಿ ತಿರುಗಿ ನೋಡುತ್ತ ಹೋಯಿತು.

"ತೋಟದಲ್ಲಿ ಒಂದು ಮುಳ್ಳೂ ಇರಬಾರದು. ಅವತ್ತು ಬಂದು ನಿನ್ನ ಆಡು ಹೊಡ್ಕೊಂಡು ಹೋಗು" ಎಂದ ಧಣಿ.

ಕಿತ್ತಳು. ಸಸಿ ಎಳೆಯದಾದರೂ ಬೇರು ಹಟಮಾರಿ. ಬೆರಳು ಹಾಕಿ ಬಗೆದೇ ಕೀಳಬೇಕು. ರಕ್ತ ಒಸರಿದರೆ ಸೆರಗಿಗೆ ಒರೆಸಿ ಮತ್ತೆ ಬಗೆದಳು. ಒಂದು ಮೂಲೆ ಹಸನಾಯಿತು ಅನ್ನುವಷ್ಟರಲ್ಲಿ ತೋಟದಾಳು ಬುಟ್ಟಿ ಹೊತ್ತು ಬಂದು ಅಲ್ಲೇ ಸುರಿದ. ಹಸಿ ಹಿಕ್ಕೆ. ಅವಳದೇ ಆಡುಗಳದ್ದು.

"ಏನೋ ತಿನ್ನಿಸ್ತಿದ್ದೀಯ ಅವಕ್ಕೆ?"

"ಜಾಲಿಕಾಯಿ. ಬೇಸಿಗೇಲಿ ಆರಿಸಿದ್ದು ಮೂಟೆಗಟ್ಟಲೆ ಬಿದ್ದಿದೆ."

ಹಿಕ್ಕೆವ್ವ ಕೂತಲ್ಲೇ ಕೂತಳು. ಇವತ್ತು ಕಿತ್ತಷ್ಟೂ ನಾಳೆ ಹುಟ್ಟುತ್ತದೆ. ಆಡು ಅಲ್ಲಿರುವತನಕ ಮುಳ್ಳು ಮುಗಿಯುವುದಿಲ್ಲ, ಮುಳ್ಳು ಮುಗಿಯುವತನಕ ಆಡು ಬರುವುದಿಲ್ಲ.

"ಒಂದು ಕಡೆ ಒಟ್ಟಿ ಬೇಯೋಕಾದ್ರೂ ಬಿಡಪ್ಪ."

"ನನ್ನ ಹೊಟ್ಟೆಗೆ ಕಲ್ಲು ಹಾಕ್ಬೇಡ ಅಕ್ಕ. ಚೆಲ್ಲು ಅಂದಿದ್ದಾರೆ, ಚೆಲ್ತೀನಿ."

ಅವನು ಅತ್ತ ಹೋದದ್ದೇ ಅವಳು ಚೆಲ್ಲಿದ್ದನ್ನೆಲ್ಲ ಬಾಚಿ ಬದುವಿನ ಬಳಿ ಒಟ್ಟಿದಳು. ಒಣಗಿದ ಸೊಪ್ಪು ಬೆರೆಸಿ, ನೀರು ಚಿಮುಕಿಸಿ, ತೋಳು ತೂರಿಸಿ ಕೂತಳು. ತಣ್ಣಗಿತ್ತು.

"ಇದೇನೇ ಇದು, ನನ್ನ ತೋಟದಲ್ಲಿ ನಿನ್ನ ದರ್ಬಾರು?"

ಧಣಿ ಬಂದವನೇ ಒದ್ದ. ಗುಡ್ಡೆ ಸಾಲುಗಳ ಮೇಲೆಲ್ಲ ಚದುರಿತು. ಹಿಕ್ಕೆವ್ವ ಮಂಡಿಯೂರಿ, ಅವನ ಪಾದದ ಸುತ್ತಲಿಂದಲೇ ಬಾಚತೊಡಗಿದಳು.

ಅವನು ಮತ್ತೆ ಒದ್ದ. ಅವಳು ಮತ್ತೆ ಒಟ್ಟಿದಳು.